ಬಯಲಲ್ಲಿ ಹೇಳಿದ್ದು

ಹಳಿ ಬದಲಾಯಿಸುವ ಕೆಲಸಕ್ಕಾಗಿ ನಲವತ್ತು ದಿನ ರೈಲು ಓಡುವುದಿಲ್ಲ, ಬದಲಿಗೆ ಬಸ್ಸುಗಳಿರುತ್ತವೆ ಎಂಬ ನೋಟೀಸನ್ನು ಸ್ಟೇಷನ್ನಿನ ಗೋಡೆಗೆ ಅಂಟಿಸಿದವನು ನಾನೇ. ಅಂಟು ಒಣಗುವ ಮೊದಲೇ ಜನ ಸೇರಿದರು. ಬಸ್ಸು ಎಷ್ಟು ಹೊತ್ತಿಗೆ ಎಂದು ಯಾರೂ ಕೇಳಲಿಲ್ಲ, ಎಲ್ಲೆಲ್ಲಿ ನಿಲ್ಲುತ್ತದೆ ಎಂದೂ ಕೇಳಲಿಲ್ಲ. ಹಿಂದಿನ ಸಾಲಿನಿಂದ ನಿಂಗಾಜಮ್ಮ ಎಂಬ ಮುದುಕಿ ಕತ್ತು ಉದ್ದ ಮಾಡಿ, "ಬಸ್ಸು ಬಯಲಿನ ಮೇಲೆ ಹೋಗ್ತದೇನಪ್ಪ?" ಎಂದಳು.

"ಇಲ್ಲಜ್ಜಿ, ಗುಡ್ಡ ಸುತ್ತಿಕೊಂಡು ಹೋಗುತ್ತೆ. ಬಯಲಿಗೆ ರಸ್ತೆ ಎಲ್ಲಿದೆ?"

"ಹಂಗಾದ್ರೆ ನಲವತ್ತು ದಿನ ನಾವು ಮಾತಾಡೋದೆಲ್ಲಿ?"

ಯಾರೂ ನಗಲಿಲ್ಲ. ನೋಟೀಸಿನಲ್ಲಿ ಅದಕ್ಕೆ ಉತ್ತರ ಇದ್ದೀತೇನೋ ಎಂದು ಎಲ್ಲರೂ ಇನ್ನೊಮ್ಮೆ ಓದಿಕೊಂಡರು.

ನಮ್ಮೂರಿಗೂ ಹೊಳೆಯಾಚೆಯ ಕಾರ್ಖಾನೆಗಳ ಊರಿಗೂ ರೈಲಿನಲ್ಲಿ ಒಂದೂಕಾಲು ಗಂಟೆಯ ದಾರಿ. ಕಲ್ಲುಕಂಬ ಸ್ಟೇಷನ್ ದಾಟಿದ ಮೇಲೆ ಹೊಳೆಬಾಗಿಲು ಬರುವ ತನಕ ಹನ್ನೊಂದು ನಿಮಿಷ ಬರೀ ಬಯಲು. ಅಲ್ಲಿ ಸದ್ದಿಲ್ಲ. ಗಾಲಿಗಳು ತಿರುಗುತ್ತವೆ, ಸದ್ದಿಲ್ಲ. ಬೋಗಿಯ ಬಾಗಿಲು ಗಾಳಿಗೆ ಬಡಿದುಕೊಳ್ಳುತ್ತದೆ, ಸದ್ದಿಲ್ಲ. ಮಗು ಬಾಯಿ ತೆರೆದು ಅಳುತ್ತದೆ, ಕಣ್ಣೀರು ಮಾತ್ರ ಕಾಣುತ್ತದೆ. ಕಿಟಕಿಯಾಚೆ ಒಣಹುಲ್ಲು ಬಗ್ಗಿ ಏಳುತ್ತದೆ, ಬೆಳ್ಳಕ್ಕಿಗಳು ರೆಕ್ಕೆ ಬಡಿದು ಹಾರುತ್ತವೆ, ಯಾವುದೂ ಕಿವಿಯವರೆಗೆ ಬರುವುದಿಲ್ಲ. ಯಾಕೆ ಹೀಗೆ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಹಾಗೆ ಕೇಳುವವರು ಹೊರಗಿನವರು, ಅವರೂ ಎರಡನೇ ಸಲಕ್ಕೆ ಸುಮ್ಮನಾಗುತ್ತಾರೆ.

ನಾವು ಅದನ್ನು ಬಳಸಲು ಕಲಿತಿದ್ದೇವೆ. ಮನೆಯಲ್ಲಿ, ಬೀದಿಯಲ್ಲಿ, ಕಚೇರಿಯಲ್ಲಿ ಆಡಲಾಗದ್ದನ್ನು ಬಯಲಲ್ಲಿ ಆಡುತ್ತೇವೆ. ಕಲ್ಲುಕಂಬದ ಸಿಗ್ನಲ್ ಹಿಂದಾಗುತ್ತಿದ್ದಂತೆ ಇಡೀ ಬೋಗಿಯ ತುಟಿಗಳು ಅಲುಗತೊಡಗುತ್ತವೆ. ಬೈಯುವವರು ಬೈಯುತ್ತಾರೆ, ಕ್ಷಮೆ ಕೇಳುವವರು ಕೇಳುತ್ತಾರೆ, ಸತ್ತವರ ಜೊತೆ ಮಾತಾಡುವವರೂ ಇದ್ದಾರೆ. ಆಗ ಇನ್ನೊಬ್ಬರ ತುಟಿಯನ್ನು ನೋಡಬಾರದು. ಅದು ಬಚ್ಚಲುಮನೆಯ ಕಿಂಡಿಯಲ್ಲಿ ಇಣುಕಿದಷ್ಟು ಹೇಸಿಗೆಯ ಕೆಲಸ. ಎಲ್ಲರೂ ಕಿಟಕಿಯಾಚೆ ನೋಡುತ್ತಲೇ ಮಾತಾಡುತ್ತೇವೆ. ಹೊಳೆಬಾಗಿಲಿನ ಸೇತುವೆಯ ಮೇಲೆ ಗಾಲಿಯ ಸದ್ದು ಮರಳಿದಾಗ ಯಾರೋ ಒಬ್ಬರು ಕೆಮ್ಮುತ್ತಾರೆ. ಅಲ್ಲಿಗೆ ಮುಗಿಯಿತು. ಮಾತು ತೀರಾ ಮುಖ್ಯವಾದದ್ದಾಗಿದ್ದರೆ ಎದುರಿನವರಿಗೆ, "ಬಯಲಲ್ಲಿ ಒಂದು ಮಾತು ಹೇಳಿದ್ದೀನಿ" ಎನ್ನುತ್ತೇವೆ. ಅವರು "ಮುಟ್ಟಿತು" ಎನ್ನಬೇಕು. ಏನು ಹೇಳಿದೆ ಎಂದು ಅವರು ಕೇಳುವಂತಿಲ್ಲ. ಮೂರನೆಯವರು ಅದನ್ನು ಎಂದೂ ಎತ್ತುವಂತಿಲ್ಲ. ಬಯಲಲ್ಲಿ ಹೇಳಿದ್ದು ಹೇಳಿದ ಹಾಗೆ. ಪಂಚಾಯಿತಿ ಕಟ್ಟೆಯ ಮೇಲೂ ಅದಕ್ಕೆ ಬೆಲೆಯಿದೆ.

ನಾನು ಅಲ್ಲಿ ಹೇಳಿದ ಒಂದು ಮಾತು ಆರು ವರ್ಷದಿಂದ ಅಲ್ಲೇ ಇತ್ತು.

ನನ್ನ ಅಕ್ಕ ಸರ್ವಮಂಗಳ ತನಗೆ ಬೇಕಾದವನನ್ನು ಮದುವೆಯಾಗಿ ಕೆರೆಕೆಳಗಿನ ಬೀದಿಗೆ ಹೋದಾಗ ಅವ್ವ ಬಾಗಿಲಲ್ಲಿ ನಿಂತು, "ನಾನಾಗಿ ಕರೆಯೋ ತನಕ ಈ ಹೊಸಿಲು ತುಳೀಬೇಡ" ಎಂದಿದ್ದಳು. ಒಂಬತ್ತು ವರ್ಷ ಇಬ್ಬರೂ ಆ ಮಾತನ್ನು ಉಳಿಸಿಕೊಂಡರು. ಅವ್ವ ಕರೆಯಲಿಲ್ಲ, ಅಕ್ಕ ತುಳಿಯಲಿಲ್ಲ. ಅವ್ವ ಹಾಸಿಗೆ ಹಿಡಿದ ಮೂರು ವರ್ಷ ಅವಳ ತಲೆ ಬಾಚಿ, ಬಟ್ಟೆ ಬದಲಾಯಿಸಿ, ಮಗ್ಗುಲು ತಿರುಗಿಸಿ ನೋಡಿಕೊಂಡವನು ನಾನು. ಕೊನೆಯ ಮೂರು ದಿನ ಅಕ್ಕ ಸಂಜೆ ಕಾರ್ಖಾನೆಯಿಂದ ಬಂದವಳು ನೇರ ಎದುರು ಮನೆಯ ಜಗಲಿಗೆ ಬಂದು ಕೂರುತ್ತಿದ್ದಳು. ಅಲ್ಲಿಂದ ನಮ್ಮ ಬಾಗಿಲಿಗೆ ಹದಿನೈದು ಹೆಜ್ಜೆ. ಒಂದು ಕರೆಗಾಗಿ ಕಾಯುತ್ತಿದ್ದಳು. ನಾನು ಕಿಟಕಿಯಿಂದ ನೋಡುತ್ತಿದ್ದೆ.

ಮೂರನೆಯ ಸಂಜೆ ಅವ್ವ ಕರೆದಳು. ನನ್ನ ಮೊಣಕೈ ಹಿಡಿದು, "ಮಂಗಳಂಗೆ ಬಾ ಅಂತ ಹೇಳು. ನಾನು ಕರೆದೆ ಅಂತ ಹೇಳು" ಎಂದಳು. ಬಾಗಿಲು ತೆಗೆದು ಕೂಗಿದ್ದರೆ ಸಾಕಿತ್ತು. ನಾನು ಕೂಗಲಿಲ್ಲ. ಮೂರು ವರ್ಷ ಮಗ್ಗುಲಲ್ಲಿದ್ದವನ ಹೆಸರು ಆ ತುಟಿಗಳಿಗೆ ಬರಲಿಲ್ಲ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಮರುದಿನ ಬೆಳಗ್ಗೆ ಅವ್ವನನ್ನು ಚಿಕ್ಕಮ್ಮನಿಗೆ ಒಪ್ಪಿಸಿ ಗಾಡಿ ಹತ್ತಿದೆ. ಅಕ್ಕ ಎಂದಿನಂತೆ ಎದುರು ಸೀಟಿನಲ್ಲಿದ್ದಳು. ಬಯಲು ಬಂತು. ಕಿಟಕಿ ನೋಡುತ್ತ, "ಅವ್ವ ನಿನ್ನನ್ನ ಕರೆದಿದ್ದಾಳೆ" ಎಂದೆ. ಸೇತುವೆ ಬಂತು. "ಅಕ್ಕ, ಬಯಲಲ್ಲಿ ಒಂದು ಮಾತು ಹೇಳಿದ್ದೀನಿ."

ಅವಳು ನನ್ನ ಮುಖ ನೋಡಿ, "ಮುಟ್ಟಿತು ಬಿಡೋ" ಎಂದಳು. ಅವಳಿಗೆ ಏನನ್ನಿಸಿತೋ. ಅವ್ವನ ಕಡೆಗೇ ನಿಂತದ್ದಕ್ಕೆ ತಪ್ಪಾಯ್ತು ಎಂದೆನೆಂದುಕೊಂಡಳೋ ಏನೋ, ನನ್ನ ಮೊಣಕಾಲನ್ನು ಒಮ್ಮೆ ತಟ್ಟಿದಳು. ಸಂಜೆ ಸರಿಯಾಗಿ ಹೇಳಿಬಿಡುತ್ತೇನೆ ಎಂದು ನಾನು ಅಂದುಕೊಂಡೆ. ಮಧ್ಯಾಹ್ನ ಎರಡು ಗಂಟೆಗೆ ಅವ್ವ ಹೋಗಿಬಿಟ್ಟಳು.

ಮಂಗಳನನ್ನು ಕರೆದ ಮಾತನ್ನು ಅವ್ವ ಬೆಳಗ್ಗೆ ಚಿಕ್ಕಮ್ಮನಿಗೂ ಹೇಳಿದ್ದಳಂತೆ. ಹೆಣದ ಮುಂದೆ ಅವಳು ಮೆಲ್ಲಗೆ, "ಅವಳಿಗೆ ಹೇಳಿದ್ಯೇನೋ ಶಂಭು?" ಎಂದಳು.

"ಬಯಲಲ್ಲಿ ಹೇಳಿದೆ."

"ಮುಟ್ಟಿತು ಅಂದಳಾ?"

"ಅಂದಳು."

ಅಷ್ಟೇ. ಆಮೇಲೆ ನೆಂಟರು ಯಾರೂ ಅಕ್ಕನನ್ನು ಮಾತಾಡಿಸಲಿಲ್ಲ, ಕರೆದರೂ ಬರದವಳು ಎಂದು ಮನಸ್ಸಿನಲ್ಲೇ ಇಟ್ಟುಕೊಂಡರು. ಬಯಲಿನ ಮಾತನ್ನು ಎತ್ತುವಂತಿಲ್ಲವಾದ್ದರಿಂದ ಯಾಕೆಂದು ಅವಳಿಗೆ ಯಾರೂ ಹೇಳಲಿಲ್ಲ. ಮದುವೆಯ ಸಿಟ್ಟು ಇನ್ನೂ ಇಳಿದಿಲ್ಲ ಎಂದು ಅವಳು ತಿಳಿದುಕೊಂಡಳು. ಆರು ವರ್ಷ ನಾವಿಬ್ಬರೂ ಎದುರು ಬದುರು ಕೂತು ಪ್ರಯಾಣ ಮಾಡಿದೆವು. ಅವಳು ಅಂಗಿಯ ಗುಂಡಿ ಮಾಡುವ ಕಾರ್ಖಾನೆಗೆ, ನಾನು ಆಚೆ ಊರಿನ ಸ್ಟೇಷನ್ನಿನ ಟಿಕೆಟ್ ಕಿಂಡಿಗೆ. ತತ್ವಶಾಸ್ತ್ರ ಓದಿದವನಿಗೆ ಆ ಕಿಂಡಿ ಒಗ್ಗಿತ್ತು, ಊರಿನ ಹೆಸರಿನ ಹೊರತು ಯಾರೂ ಬೇರೆ ಏನೂ ಹೇಳುತ್ತಿರಲಿಲ್ಲ. "ತಿಂಡಿ ಆಯ್ತೇನೋ?" ಎನ್ನುತ್ತಿದ್ದಳು ಅಕ್ಕ. "ಆಯ್ತಕ್ಕ" ಎನ್ನುತ್ತಿದ್ದೆ. ಬಯಲು ಬಂದಾಗ ಪ್ರತಿದಿನ, "ಅವ್ವ ನಿನ್ನನ್ನ ಕರೆದಿದ್ದಳು" ಎನ್ನುತ್ತಿದ್ದೆ. ಅವಳ ತುಟಿಯೂ ಅಲುಗುತ್ತಿತ್ತು. ನಾನು ನೋಡುತ್ತಿರಲಿಲ್ಲ.

ಬಸ್ಸುಗಳು ಬಂದಾಗ ನನ್ನನ್ನು ಕಿಂಡಿಯಿಂದ ಎಬ್ಬಿಸಿ, ಬೆಳಗ್ಗೆ ಹೋಗಿ ಸಂಜೆ ಮರಳುವ ಬಸ್ಸಿಗೆ ಕಂಡಕ್ಟರನಾಗಿ ಹಾಕಿದರು. ರೈಲಿನ ನಂಬರನ್ನೇ ಬಸ್ಸಿನ ಹಣೆಗೆ ಸುಣ್ಣದಲ್ಲಿ ಬರೆದಿದ್ದರು. ಸ್ಟೇಷನ್ ಮಾಸ್ತರರು ಟೋಪಿ ಹಾಕಿಕೊಂಡು ರಸ್ತೆಗೇ ಬಂದು ಹಸಿರು ಬಾವುಟ ತೋರಿಸಿದರು. ಜನ ರೈಲಿನ ಅಭ್ಯಾಸ ಬಿಡಲಿಲ್ಲ. ಇಳಿಯುವ ಊರಿಗೆ ಎರಡು ನಿಮಿಷ ಮೊದಲೇ ಎದ್ದು ಬಾಗಿಲಲ್ಲಿ ಸಾಲು ನಿಲ್ಲುತ್ತಿದ್ದರು, ತಿರುವಿನಲ್ಲಿ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಸ್ಟೇಷನ್ನೇ ಇಲ್ಲದ ಕಡೆ, ಒಂದು ಹುಣಸೆಮರದ ಬುಡದಲ್ಲಿ, "ಕಲ್ಲುಕಂಬ!" ಎಂದು ಕೂಗುವುದು ನನ್ನ ಕೆಲಸ. ಬಸ್ಸು ನಿಲ್ಲಿಸಲು, ಹೊರಡಿಸಲು ತಲೆಯ ಮೇಲೆ ಗಂಟೆಯ ಹಗ್ಗ. ಡ್ರೈವರ್ ಹಾಲೇಶ ದೂರದ ಊರಿನವನು, ನಮ್ಮ ಕಡೆಯ ರೈಲು ಹತ್ತಿದವನೇ ಅಲ್ಲ.

ಮೊದಲ ದಿನ ಹುಣಸೆಮರ ದಾಟಿ ಬಸ್ಸು ಗುಡ್ಡದ ಮಗ್ಗುಲಿಗೆ ಹೊರಳಿತು. ಮಂಜು ಇನ್ನೂ ರಸ್ತೆಯ ಮೇಲೆ ಮಲಗಿತ್ತು. ನಾನು ಮೆಟ್ಟಿಲ ಬಳಿ ನಿಂತಿದ್ದೆ. ದಿನವೂ ಅದೇ ಹೊತ್ತಿಗೆ ಏಳುವ ಮಾತು ಎದ್ದು ಹಲ್ಲಿನವರೆಗೆ ಬಂತು. ಅಷ್ಟರಲ್ಲಿ ಯಾರೋ ಸ್ಪಷ್ಟವಾಗಿ, "ಕೋಣ! ಇಸ್ತ್ರಿ ಪಂಚೆ ಉಟ್ಟ ಕೋಣ!" ಎಂದರು.

ಚಿತ್ರಕಲೆಯ ಮೇಷ್ಟ್ರು ವರದಪ್ಪ. ಕಿಟಕಿಯಾಚೆ ನೋಡುತ್ತ ಹೇಳಿದ್ದರು. ಎದುರು ಸಾಲಿನಲ್ಲಿ ಅವರ ಹೆಡ್‌ಮಾಸ್ತರರು ಶ್ರೀಪಾದಯ್ಯ, ಅವರೂ ಕಿಟಕಿಯಾಚೆ ನೋಡುತ್ತ, ಅದೇ ಗಳಿಗೆಯಲ್ಲಿ, "ನಿನ್ನ ಬಡ್ತಿ ತಪ್ಪಿಸಿದ್ದು ನಾನೇ ಕಣಪ್ಪ ವರದಪ್ಪ, ನಿದ್ದೆ ಬರ್ತಿಲ್ಲ ನನಗೆ" ಎನ್ನುತ್ತಿದ್ದರು. ಹಿಂದಿನಿಂದ ನಿಂಗಾಜಮ್ಮನ ಸೊಸೆ, "ಅತ್ತೆ, ನಿಮ್ಮ ಹುಳಿ ತಿಂದೂ ತಿಂದೂ ನನ್ನ ನಾಲಿಗೇನೇ ಸತ್ತೋಯ್ತು" ಎಂದಳು. ಬಸ್ಸಿನ ತುಂಬ ಮಾತು ಮಾತಿಗೆ ಡಿಕ್ಕಿ ಹೊಡೆಯುತ್ತಿತ್ತು. ತಮ್ಮದೇ ದನಿ ಕಿವಿಗೆ ಬಿದ್ದವರು ಒಬ್ಬೊಬ್ಬರಾಗಿ ಬೆಚ್ಚಿ ಬಾಯಿ ಮುಚ್ಚಿಕೊಂಡರು.

ಕೊನೆಗೆ ಒಂದೇ ದನಿ ಉಳಿಯಿತು. ಮೂರನೇ ಸಾಲಿನ ಕಿಟಕಿಯ ಪಕ್ಕ ಅಕ್ಕ ಕೂತಿದ್ದಳು. ಅವಳು ಮಾತಿನಲ್ಲಿ ಎಷ್ಟು ಮುಳುಗಿದ್ದಳೆಂದರೆ ತನ್ನ ದನಿ ತನಗೇ ಕೇಳಿಸಲಿಲ್ಲ.

"ಒಂದು ಸಲ ಕರೀಬಾರದಿತ್ತೇನವ್ವ? ಎದುರಿಗೇ ಇದ್ದೆನಲ್ಲ. ಒಂದೇ ಒಂದು ಸಲ."

ಹಿಂದಿನ ಸೀಟಿನವಳು ಭುಜ ಮುಟ್ಟಿದಳು. ಅಕ್ಕ ತಿರುಗಿ, ಇಡೀ ಬಸ್ಸು ತನ್ನನ್ನು ನೋಡುತ್ತಿರುವುದನ್ನು ಕಂಡು, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಹಗ್ಗವನ್ನು ಬಿಗಿಯಾಗಿ ಹಿಡಿದಿದ್ದೆ. ಆರು ವರ್ಷ, ಒಂದೂವರೆ ಗಜ ದೂರದಲ್ಲಿ ಕೂತು ಅವಳು ಅದನ್ನು ಕೇಳುತ್ತಿದ್ದಳು. ನಾನು ಉತ್ತರ ಹೇಳುತ್ತಿದ್ದೆ.

"ಏನ್ರೀ ಸಾರ್ ಇದು," ಎಂದ ಹಾಲೇಶ, ಕನ್ನಡಿಯಲ್ಲಿ ಹಿಂದೆ ನೋಡುತ್ತ. "ಹುಚ್ಚಾಸ್ಪತ್ರೆ ಟ್ರಿಪ್ ಅಂತ ನನಗೆ ಯಾರೂ ಹೇಳ್ಲಿಲ್ಲ."

ಮರುದಿನ ಎಲ್ಲರೂ ಬಾಯಿಗೆ ಏನಾದರೂ ಹಾಕಿಕೊಂಡು ಬಂದರು. ಎಲೆಯಡಿಕೆ, ಬೆಲ್ಲ, ಹುರಿಗಡಲೆ. ವರದಪ್ಪ ಮೇಷ್ಟ್ರು ಕರವಸ್ತ್ರವನ್ನೇ ಕಚ್ಚಿಕೊಂಡಿದ್ದರು. ಹುಣಸೆಮರ ದಾಟಿದ ಮೇಲೆ ಹನ್ನೊಂದು ನಿಮಿಷ ಬಸ್ಸಿನಲ್ಲಿ ಕಡಲೆ ಅಗಿಯುವ ಸದ್ದು. ಗುಡ್ಡದ ನೆತ್ತಿಯ ತಿರುವಿನಲ್ಲಿ ದೂರಕ್ಕೆ ಬಯಲು ಕಂಡಿತು. ಹಳಿ ಹಾಕುವವರು ಸಾಲಾಗಿ ನಿಂತು ಸುತ್ತಿಗೆ ಎತ್ತಿ ಎತ್ತಿ ಹೊಡೆಯುತ್ತಿದ್ದರು, ಏಟು ಬಿದ್ದದ್ದು ಕಾಣುತ್ತಿತ್ತು, ಅಷ್ಟೇ. ಬಸ್ಸಿನವರೆಲ್ಲ ಆ ಕಡೆಯ ಕಿಟಕಿಗೆ ಬಾಗಿ, ತಮ್ಮ ಮನೆಯಲ್ಲಿ ಯಾರೋ ಬೇರೆಯವರು ಓಡಾಡುವುದನ್ನು ನೋಡುವವರಂತೆ ನೋಡಿದರು. ಮೂರನೇ ದಿನಕ್ಕೆ ಜನರ ಕಣ್ಣು ಕೆಂಪಾಗತೊಡಗಿತು. ನಾಲ್ಕನೇ ದಿನ ಅಂಚೆ ಕಚೇರಿಯ ಗುಮಾಸ್ತರೊಬ್ಬರು ಕಾರಣವಿಲ್ಲದೆ ಅತ್ತರು. ಹೇಳದೆ ಉಳಿದದ್ದು ಊಟದ ತಟ್ಟೆಗೆ, ಕಚೇರಿಯ ಮೇಜಿಗೆ ಬರತೊಡಗಿತ್ತು. ಊರಿನಲ್ಲಿ ಜಗಳ ಹೆಚ್ಚಾಯಿತು.

ದಾರಿ ತೋರಿಸಿದವಳು ನಿಂಗಾಜಮ್ಮ. ಐದನೇ ದಿನ ಹುಣಸೆಮರದ ಹತ್ತಿರ ಎದ್ದು ಡ್ರೈವರನ ಬೆನ್ನಿಗೆ ಬಂದು ನಿಂತಳು.

"ಲೋ ಮಗ, ಆ ಹಾರ್ನ್ ಒತ್ತು."

"ಯಾರೂ ಅಡ್ಡ ಇಲ್ವಲ್ಲಜ್ಜಿ?"

"ಅಡ್ಡ ಇದ್ರೇನೇ ಒತ್ತಬೇಕಾ? ಒತ್ತಿ ಹಿಡಕೋ. ನಾನು ಸಾಕು ಅನ್ನೋ ತನಕ ಬಿಡಬೇಡ."

ಹಾಲೇಶ ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ. ಅವನು ಹಾರ್ನ್ ಒತ್ತಿ ಹಿಡಿದ. ಹಳೆಯ ಬಸ್ಸಿನ ಆ ಕರ್ಕಶ ದನಿ ತಗಡು ತಗಡಿಗೂ ಹಬ್ಬಿ, ಗಾಜುಗಳು ನಡುಗಿದವು. ಅದರಡಿಯಲ್ಲಿ ಮೊದಲು ನಿಂಗಾಜಮ್ಮನ ತುಟಿ ಅಲುಗಿತು. ಆಮೇಲೆ ಸೊಸೆಯದು. ಆಮೇಲೆ ಎಲ್ಲರದೂ. ಎಲ್ಲರೂ ಕಿಟಕಿಯಾಚೆ ನೋಡುತ್ತ, ಮುಖ ಸಡಿಲಿಸಿ, ನಿದ್ದೆಯಲ್ಲಿರುವವರಂತೆ ಮಾತಾಡುತ್ತಿದ್ದರು. ದಾರಿಯಲ್ಲಿ ದನಗಳು ಹೊಲಕ್ಕೆ ಹಾರಿದವು. ಹನ್ನೊಂದು ನಿಮಿಷದ ಮೇಲೆ ಹಾರ್ನ್ ನಿಂತಾಗ ಯಾರೋ ಕೆಮ್ಮಿದರು. ನಿಂಗಾಜಮ್ಮ ತನ್ನ ಸೀಟಿಗೆ ಮರಳಿ ಸೊಸೆಯ ಪಕ್ಕ ಕೂತು, ಸಮಾಧಾನವಾಗಿ, "ಆ ಹುಳಿ ನಿಮ್ಮ ಮಾವನಿಗೂ ಸೇರ್ತಿರಲಿಲ್ಲ ಕಣೆ" ಎಂದಳು.

ಅಲ್ಲಿಂದ ಹಾರ್ನಿನ ಹೊತ್ತು ವೇಳಾಪಟ್ಟಿಯಲ್ಲಿ ಸೇರಿಹೋಯಿತು. ನನಗೂ ಮರೆಗೆ ಒಂದು ಜಾಗ ಸಿಕ್ಕಿತು. ಹೇಳುತ್ತೇನೆ, ಹೇಳಬೇಕು ಎಂದು ದಿನವೂ ಹತ್ತುತ್ತಿದ್ದೆ. ಹುಣಸೆಮರ ಬರುತ್ತಿತ್ತು, ಹಾರ್ನ್ ಏಳುತ್ತಿತ್ತು, ಅದರಡಿಯಲ್ಲಿ ಹೇಳಿ ಮುಗಿಸುತ್ತಿದ್ದೆ. ಹೇಳಿದ ಮೇಲೆ ಮೈ ಹಗುರಾಗುತ್ತಿತ್ತು, ಅದೇ ನನ್ನ ಶಾಪವಾಗಿತ್ತು. ಅಕ್ಕ ಮಾತ್ರ ಮಾತಾಡಲಿಲ್ಲ. ಮೊದಲ ದಿನದ ನಂತರ ಅವಳು ಆ ಹನ್ನೊಂದು ನಿಮಿಷ ಸೆರಗನ್ನು ಬಾಯಿಗೆ ಇಟ್ಟುಕೊಂಡೇ ಕೂರುತ್ತಿದ್ದಳು, ಹಾರ್ನಿನ ಒಳಗೂ.

ಮೂವತ್ತೇಳನೆಯ ದಿನ ಸಂಜೆ, ಇಳಿಯುವಾಗ ಮೆಟ್ಟಿಲ ಮೇಲೆ ನಿಂತು ಹೇಳಿದಳು.

"ಶಂಭು, ರೈಲು ಶುರುವಾದ ಮೇಲೆ ನಾನು ಬರಲ್ಲ ಕಣೋ. ಆಚೆ ಊರಲ್ಲೇ ಮನೆ ನೋಡಿದ್ದೀವಿ. ಕಾರ್ಖಾನೆ ಹಿಂದುಗಡೆ."

"ಯಾಕಕ್ಕ?"

"ಇನ್ನು ಆ ಬೋಗೀಲಿ ಕೂತು ಏನು ಮಾಡಲಿ? ಇಷ್ಟು ವರ್ಷ ಬಯಲಲ್ಲಿ ಕೇಳ್ತಾ ಇದ್ದೆ. ಕೇಳ್ತಾ ಇದ್ರೆ ಯಾವತ್ತಾದ್ರೂ ಉತ್ತರ ಬರುತ್ತೆ ಅನ್ನೋ ಹುಚ್ಚು. ಅವತ್ತು ನನ್ನ ಬಾಯಿಂದಾನೇ ನನ್ನ ಕಿವಿಗೆ ಬಿತ್ತು ನೋಡು, ಆಗ ಗೊತ್ತಾಯ್ತು. ಸತ್ತೋಳ ಹತ್ರ ಜಗಳ ಆಡ್ತಿದ್ದೀನಿ. ಅವಳಿಗೆ ನಾನು ಬೇಡವಾಗಿತ್ತು. ಬೇಡ ಅಂದ್ರೆ ಬೇಡ. ಮುಗೀತು."

"ಹಾಗಲ್ಲಕ್ಕ," ಎಂದೆ.

"ಮತ್ತೆ ಹೆಂಗೆ?"

ಅವಳು ಕಾದಳು. ಹಿಂದಿನವರು ಇಳಿಯಲು ಅವಸರ ಮಾಡುತ್ತಿದ್ದರು. ಸುತ್ತ ಸದ್ದು ಬೇಕಾದಷ್ಟಿತ್ತು, ಆದರೆ ಅಡಗಿಕೊಳ್ಳುವಷ್ಟಿರಲಿಲ್ಲ. "ಏನಿಲ್ಲ" ಎಂದೆ. ಅವಳು ಇಳಿದು ಹೋದಳು.

ಮರುದಿನ ಆಚೆ ಊರಿನಲ್ಲಿ ಚಹಾ ಕುಡಿಯುವಾಗ ಹಾಲೇಶನಿಗೆ ಎಲ್ಲ ಹೇಳಿದೆ. ಹೊರಗಿನವನಿಗೆ ಹೇಳುವುದು ಸುಲಭ. ಅವನು ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತ ಕೇಳಿದ.

"ನೀವು ಹೇಳಿದ್ರಿ?"

"ಹೇಳಿದೆ."

"ಅವರಿಗೆ ಕೇಳಿಸ್ತಾ?"

"ಇಲ್ಲ. ಆದರೆ ಮುಟ್ಟಿತು ಅಂದಳು."

"ಅದೆಲ್ಲ ನನಗೆ ಗೊತ್ತಾಗಲ್ಲ ಸಾರ್. ನಮ್ ಕಡೆ ಕೇಳಿಸದಿದ್ರೆ ಹೇಳಿಲ್ಲ ಅಂತಾರೆ." ಚಹಾ ಹೀರಿ, ಬಸಿ ಕೆಳಗಿಟ್ಟ. "ನೀವು ಹೇಳಿಲ್ಲ ಬಿಡಿ."

ಅವನು ಬೈದಿರಲಿಲ್ಲ. ಟೈರಿನ ಗಾಳಿ ಕಡಿಮೆಯಿದೆ ಎನ್ನುವ ದನಿಯಲ್ಲೇ ಹೇಳಿದ್ದ. ನಮ್ಮೂರಿನಲ್ಲಿ ಹುಟ್ಟಿ, ನಮ್ಮೂರಿನಲ್ಲಿ ಓದಿ, ಮಾತು ಮೌನಗಳ ಬಗ್ಗೆ ದಪ್ಪ ದಪ್ಪ ಪುಸ್ತಕಗಳನ್ನು ತಿರುವಿ ಹಾಕಿದ ನನಗೆ ಈ ಸಣ್ಣ ವಾಕ್ಯ ಎಲ್ಲೂ ಎದುರಾಗಿರಲಿಲ್ಲ.

ನಲವತ್ತನೆಯ ದಿನ ಬಸ್ಸಿನಲ್ಲಿ ಹಬ್ಬದ ಗಲಾಟೆ. ನಾಳೆಯಿಂದ ರೈಲು. ಹೊಸ ಹಳಿಯ ಮೇಲೂ ಬಯಲು ಹಾಗೇ ಇರುತ್ತದೋ ಇಲ್ಲವೋ ಎಂದು ವರದಪ್ಪ ಮೇಷ್ಟ್ರಿಗೆ ಆತಂಕ. ಹೆಡ್‌ಮಾಸ್ತರರು ಅವರ ಪಕ್ಕದಲ್ಲೇ ಕೂತು, "ಇರುತ್ತಪ್ಪ, ಇಲ್ಲದಿದ್ರೆ ನೀನು ನನ್ನನ್ನ ಎಲ್ಲಿ ಬೈತೀಯ?" ಎಂದು ತಮಾಷೆ ಮಾಡುತ್ತಿದ್ದರು. ಹಾಲೇಶನ ಕನ್ನಡಿಗೆ ಯಾರೋ ಕನಕಾಂಬರದ ಮಾಲೆ ಹಾಕಿದ್ದರು. ಅಕ್ಕ ಮೂರನೇ ಸಾಲಿನಲ್ಲಿ, ಮಡಿಲಲ್ಲಿ ಒಂದು ದೊಡ್ಡ ಚೀಲ ಇಟ್ಟುಕೊಂಡು ಕೂತಿದ್ದಳು. ಪಾತ್ರೆಗಳ ಬಾಯಿ ಕಾಣುತ್ತಿತ್ತು. ಸಾಮಾನು ಸ್ವಲ್ಪಸ್ವಲ್ಪವಾಗಿ ಆಗಲೇ ಸಾಗಿಸುತ್ತಿದ್ದಳು.

"ಕಲ್ಲುಕಂಬ!" ಎಂದು ಕೂಗಿದೆ. ಹುಣಸೆಮರ ಹಿಂದಾಯಿತು. ಹಾಲೇಶ ಹಾರ್ನ್ ಒತ್ತಿದ. ತುಟಿಗಳು ಅಲುಗತೊಡಗಿದವು. ನನ್ನದೂ ತಾನಾಗಿ ತೆರೆಯಿತು. ಒಂದು ನಿಮಿಷವಾಯಿತು, ಎರಡಾಯಿತು. ಬಸ್ಸು ಗುಡ್ಡ ಏರುತ್ತಿತ್ತು. ಸೆರಗು ಬಾಯಿಗಿಟ್ಟ ಅಕ್ಕ, ಕಿಟಕಿಯಾಚೆ ಬಿಸಿಲಿಗೆ ಕರಗುತ್ತಿದ್ದ ಮಂಜನ್ನು ನೋಡುತ್ತಿದ್ದಳು. ನಾನು ಕೈ ಎತ್ತಿ ಹಗ್ಗ ಎಳೆದೆ. ಗಂಟೆ ಹಾರ್ನಿನಲ್ಲಿ ಮುಳುಗಿತು. ಮತ್ತೆ ಎಳೆದೆ, ಬಿಡದೆ ಎಳೆದೆ. ಹಾಲೇಶ ಕನ್ನಡಿಯಲ್ಲಿ ನನ್ನ ಕೈ ಕಂಡು ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿ ಹಾರ್ನ್ ಬಿಟ್ಟ, ಇಂಜಿನ್ನನ್ನೂ ಆರಿಸಿದ.

ನಲವತ್ತು ಬಾಯಿಗಳು ಅರ್ಧಕ್ಕೆ ನಿಂತವು. ಯಾರದೋ ಒಂದು "ನಿನ್ನಾಣೆ" ಎಂಬ ಮಾತು ಹೊರಗೆ ಉಳಿದು, ಅವರೂ ಬಾಯಿ ಮುಚ್ಚಿದರು.

"ಏನಾಯ್ತಪ್ಪ?" ಎಂದಳು ನಿಂಗಾಜಮ್ಮ.

ನಾನು ಮೂರನೇ ಸಾಲಿಗೆ ಹೋದೆ. ಕಿಟಕಿ ನೋಡಲಿಲ್ಲ. ಅಕ್ಕನ ಮುಖ ನೋಡಿದೆ.

"ಅಕ್ಕ, ಅವ್ವ ನಿನ್ನನ್ನ ಕರೆದಿದ್ದಳು."

ಅವಳಿಗೆ ಅರ್ಥವಾಗಲಿಲ್ಲ. ಸೆರಗು ಬಾಯಿಂದ ಇಳಿಯಿತು.

"ಸಾಯೋ ಹಿಂದಿನ ದಿನ ಸಂಜೆ. ಮಂಗಳಂಗೆ ಬಾ ಅಂತ ಹೇಳು, ನಾನು ಕರೆದೆ ಅಂತ ಹೇಳು ಅಂದಳು. ನೀನು ಎದುರು ಜಗಲಿ ಮೇಲಿದ್ದೆ. ನಾನು ಕರೀಲಿಲ್ಲ. ಬೆಳಗ್ಗೆ ಬಯಲಲ್ಲಿ ಹೇಳಿದೆ."

ಬಸ್ಸಿನಲ್ಲಿ ಒಂದು ಉಸಿರೂ ಕೇಳಿಸಲಿಲ್ಲ. ಇದು ಬಯಲಿನ ಮೌನವಲ್ಲ, ಜನ ತಾವಾಗಿ ಹಿಡಿದುಕೊಂಡದ್ದು. ಹೆಡ್‌ಮಾಸ್ತರರು ತಲೆ ತಗ್ಗಿಸಿ ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು.

"ಅದನ್ನಾ?" ಎಂದಳು ಅಕ್ಕ ಕೊನೆಗೆ. "ಅದಕ್ಕಾ ನಾನು ಮುಟ್ಟಿತು ಅಂದಿದ್ದು?"

"ಹೂಂ."

"ಎಲ್ಲರಿಗೂ ಗೊತ್ತಾ?"

"ಚಿಕ್ಕಮ್ಮಂಗೆ ಗೊತ್ತು. ನೆಂಟರಿಗೆ ಗೊತ್ತು. ನಿನಗೆ ಗೊತ್ತು ಅಂತಾನೇ ಅವರೆಲ್ಲ ತಿಳಿದಿದ್ದಾರೆ."

ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ನನಗೂ ಹಗುರಾಗುತ್ತಿತ್ತು. ಅವಳು ಚೀಲವನ್ನು ಪಕ್ಕದವಳ ಮಡಿಲಿಗೆ ಇಟ್ಟು, ಎದ್ದು, ನನ್ನನ್ನು ಸರಿಸಿಕೊಂಡು ಹೋಗಿ ಬಸ್ಸಿನಿಂದ ಇಳಿದಳು. ನಾನೂ ಇಳಿದೆ. "ಅಜ್ಜಿ, ಏನ್ ಮಾಡ್ಲಿ?" ಎಂದು ಹಾಲೇಶ ಕೇಳಿದ್ದು ಕಿವಿಗೆ ಬಿತ್ತು. "ನೀನು ಹೋಗಪ್ಪ," ಎಂದಳು ನಿಂಗಾಜಮ್ಮ, "ಅವರದು ನಡಿಗೆ ದಾರಿ." ಬಸ್ಸು ನಮ್ಮನ್ನು ದಾಟಿ ಗುಡ್ಡ ಹತ್ತಿತು. ತಿರುವಿನಲ್ಲಿ ಮರೆಯಾದ ಮೇಲೆ ಹಾರ್ನ್ ಮತ್ತೆ ಎದ್ದು, ಬರಬರುತ್ತ ಸಣ್ಣದಾಗಿ, ನೊಣದಂತಾಗಿ, ಇಲ್ಲವಾಯಿತು.

ರಸ್ತೆಯಲ್ಲಿ ಯಾರೂ ಇರಲಿಲ್ಲ. ಅಕ್ಕ ನನ್ನ ಮುಖ ನೋಡಲಿಲ್ಲ.

"ನೀನು ಮುಂದೆ ನಡಿ," ಎಂದಳು. "ನಾನು ಹಿಂದೆ ಬರ್ತೀನಿ. ನಿನ್ನ ಮುಖ ನೋಡೋಕೆ ಆಗಲ್ಲ ನನಗೆ. ಆ ಮೂರು ದಿನ ಏನೇನಾಯ್ತೋ ಎಲ್ಲ ಹೇಳ್ತಾ ಹೋಗು. ಒಂದೂ ಬಿಡಬೇಡ. ಜೋರಾಗಿ ಹೇಳು."

ನಾನು ನಡೆದೆ. ಖಾಲಿ ರಸ್ತೆಗೆ ಹೇಳುತ್ತ ನಡೆದೆ. ಮೊದಲ ದಿನ ಡಾಕ್ಟರು ಬಂದದ್ದು, ಅವ್ವ ಅವರ ಕೈಗಡಿಯಾರ ಹಿಡಿದುಕೊಂಡು ಬಿಡದಿದ್ದದ್ದು. ಎರಡನೆಯ ದಿನ ಕಿಟಕಿಯ ಕಡೆ ಮಗ್ಗುಲು ತಿರುಗಿಸು ಎಂದದ್ದು, ತಿರುಗಿಸಿದರೆ ಇನ್ನೂ ಇನ್ನೂ ಎಂದದ್ದು. ಹಳೇ ಹಾಡೊಂದರ ಸಾಲು ಮರೆತು ನನ್ನನ್ನು ಕೇಳಿದ್ದು, ನನಗೆ ಬರದಿದ್ದದ್ದು. ನನ್ನ ದನಿ ಗುಡ್ಡಕ್ಕೆ ಬಡಿದು ಮರಳುತ್ತಿತ್ತು. ಹೇಳುತ್ತ ಹೋದಂತೆ ನಾನೇ ಮರೆತಿದ್ದದ್ದು ಒಂದೊಂದಾಗಿ ಬಂತು, ಯಾರೋ ಮುಂದೆ ಕೂತು ಓದಿ ಹೇಳುತ್ತಿರುವ ಹಾಗೆ. ನಿಂತಾಗಲೆಲ್ಲ ಹಿಂದಿನಿಂದ, "ಆಮೇಲೆ?" ಎನ್ನುತ್ತಿದ್ದಳು.

"ಆಮೇಲೆ ಮೂರನೇ ಸಂಜೆ. ದೀಪ ಹಚ್ಚಿದ್ದೆ. ಅವ್ವ ಕಣ್ಣು ಮುಚ್ಚಿಕೊಂಡಿದ್ದಳು. ಯಾರೋ ಕೆಮ್ಮಿದ್ರಲ್ಲ ಅಂದಳು. ಯಾರೂ ಇಲ್ಲವ್ವ ಅಂದೆ. ಇಲ್ಲ, ಅದು ಮಂಗಳನ ಕೆಮ್ಮು, ಎದುರು ಜಗಲಿಯಿಂದ ಬಂತು ಅಂದಳು. ಮೂರು ದಿನದಿಂದ ಕೇಳ್ತಾ ಇದ್ದೀನಿ, ಹುಡುಗಿಗೆ ಎದೆ ಕಟ್ಟಿದೆ, ಶೀತದಲ್ಲಿ ಕೂತಿದ್ದಾಳೆ ಅಂದಳು. ಆಮೇಲೆ ನನ್ನ ಮೊಣಕೈ ಹಿಡಿದು ಕರಿ ಅಂದಳು."

ಹಿಂದೆ ಚಪ್ಪಲಿಯ ಸದ್ದು ನಿಂತಿತು. ನಾನು ತಿರುಗಲಿಲ್ಲ. ಕೆಳಗೆ, ತುಂಬ ದೂರದಲ್ಲಿ, ಬಯಲಿನ ಹುಲ್ಲು ಬಿಸಿಲಿನಲ್ಲಿ ಅಲೆಯಾಡುತ್ತಿತ್ತು. ಒಂದು ಮೋಡದ ನೆರಳು ಗುಡ್ಡದಿಂದ ಇಳಿದು ಅಲ್ಲಿಯವರೆಗೆ ಹೋಯಿತು. ಅಷ್ಟು ಹೊತ್ತೂ ಅವಳು ಅಲ್ಲೇ ನಿಂತಿದ್ದಳು. ಅಳುತ್ತಿದ್ದಳೋ ಇಲ್ಲವೋ, ನನಗೆ ತಿಳಿಯಲಿಲ್ಲ. ನನ್ನನ್ನು ಕ್ಷಮಿಸು ಎನ್ನುವ ಮಾತು ಬಾಯಿಗೆ ಬಂತು. ಅದನ್ನು ಹೇಳಲಿಲ್ಲ. ಅದು ನನಗೆ ಬೇಕಾದದ್ದು, ಅವಳಿಗೆ ಬೇಕಾದದ್ದಲ್ಲ.

ಚಪ್ಪಲಿಯ ಸದ್ದು ಮತ್ತೆ ಶುರುವಾಯಿತು. ಹತ್ತಿರ ಬಂತು. ಅವಳು ನನ್ನನ್ನು ದಾಟಿ ಮುಂದೆ ಹೋದಳು. ಇಪ್ಪತ್ತು ಹೆಜ್ಜೆ ಹೋದ ಮೇಲೆ, ತಿರುಗದೆ, ನಡೆಯುತ್ತಲೇ ಕೇಳಿದಳು.

"ಅವತ್ತು ಗಂಜಿ ಏನಾದ್ರೂ ಕುಡಿದಿದ್ದಳಾ?"

"ಎರಡು ಗುಟುಕು," ಎಂದೆ, ಅವಳಿಗೆ ಕೇಳಿಸುವಷ್ಟು ಜೋರಾಗಿ.